ಸ್ನೇಕ್ ಪ್ಲಾಂಟಿನ ಹೂ ನೋಡಬೇಕಾ? ನಮ್ಮ ಕಾಸರಗೋಡಿನ ಮನೆಗಳಿಗೆ ಯಾವ ಗಿಡ, ಯಾವ ಜಾಗ

ಸ್ನೇಕ್ ಪ್ಲಾಂಟ್ ತರಬೇಕು ಅಂತ ಮನಸ್ಸಾಗಿದ್ದರೆ, ನರ್ಸರಿಗೆ ಹೋಗುವ ಮೊದಲು ನೆಂಟರ ಮನೆಯ ಹಿತ್ತಿಲು ನೋಡಿ ಬನ್ನಿ. ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯ ಹಳೆ ಮನೆಗಳಲ್ಲಿ ಇದು ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಬಾವಿಕಟ್ಟೆಯ ಹಿಂದೆ, ಹಟ್ಟಿಯ ಗೋಡೆ ಬದಿಯಲ್ಲಿ, ಬಿರುಕು ಬಿಟ್ಟ ಮಣ್ಣಿನ ಚಟ್ಟಿಯಲ್ಲಿ. ಎಲೆಗೆ ಧೂಳು ಹಿಡಿದಿರುತ್ತದೆ. ಕೊನೆಯ ಸಲ ನೀರು ಹಾಕಿದ್ದು ಯಾವಾಗ ಅಂತ ಯಾರಿಗೂ ನೆನಪಿರುವುದಿಲ್ಲ. ನಿಮಗೆ ಹೂ ನೋಡುವ ಆಸೆ ಇದ್ದರೆ ಆ ಗಿಡದ ಮರಿಯನ್ನೇ ಕೇಳಿ ತನ್ನಿ. ಅಂಗಡಿಯಲ್ಲಿ ಹೊಳೆಯುವ ಎಲೆಯ ಹೊಸ ಹೊಸ ಜಾತಿಗಳು ಬೇಕಾದಷ್ಟು ಸಿಗುತ್ತವೆ. ಚಂದವೂ ಇವೆ. ಆದರೆ ಹೂವಿನ ವಿಷಯದಲ್ಲಿ ಹಳೆಯ ಸಾದಾ ಗಿಡವೇ ಮೇಲು ಅನ್ನುವುದು ನನ್ನ ಅನುಭವ.

ನಾನು ಈ ಹೂ ಮೊದಲು ಕಂಡದ್ದು ನೀರ್ಚಾಲಿನ ದೊಡ್ಡಮ್ಮನ ಮನೆಯಲ್ಲಿ. ಫೆಬ್ರವರಿ ತಿಂಗಳು. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ಎಲ್ಲಿಂದಲೋ ಪರಿಮಳ ಬಂತು. ಸುಗಂಧರಾಜ ಇರಬೇಕು ಅಂದೆ. "ಸುಗಂಧರಾಜ ಹೋದ ಮಳೆಗಾಲಕ್ಕೇ ಕೊಳೆತು ಹೋಗಿದೆ ಮಾರಾಯ್ತಿ" ಅಂದರು ದೊಡ್ಡಮ್ಮ. ಟಾರ್ಚ್ ಹಿಡಿದು ಅಂಗಳವೆಲ್ಲ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಜಗಲಿ ಮೆಟ್ಟಿಲ ಬದಿಯಲ್ಲೇ. ಹನ್ನೆರಡು ವರ್ಷದಿಂದ ಅದೇ ಚಟ್ಟಿಯಲ್ಲಿದ್ದ ಸ್ನೇಕ್ ಪ್ಲಾಂಟ್. ಎಲೆಗಳ ನಡುವಿನಿಂದ ಎರಡು ಅಡಿ ಉದ್ದದ ದಂಟು ಎದ್ದಿತ್ತು. ದಂಟಿನ ತುಂಬ ಎಳೆ ಎಳೆಯಾದ ಬಿಳಿ ಹೂ. ದೊಡ್ಡಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಇಷ್ಟು ವರ್ಷ ಇದು ಬರೀ ಎಲೆ ಅಂತ ತಿಳಿದಿದ್ದೆನಲ್ಲ" ಅಂದರು.

ಆ ಹೂವನ್ನು ಹತ್ತಿರದಿಂದ ನೋಡಬೇಕು. ಒಂದೊಂದೂ ಒಂದು ಇಂಚಿನಷ್ಟು ಉದ್ದ. ಆರು ಸಪೂರ ಎಸಳು. ಅರಳಿದ ಮೇಲೆ ಎಸಳುಗಳು ಹಿಂದಕ್ಕೆ ಸುರುಳಿಯಾಗುತ್ತವೆ, ಕೇಸರಗಳು ಮುಂದಕ್ಕೆ ಚಾಚಿ ನಿಲ್ಲುತ್ತವೆ. ಪೂರ್ತಿ ಬಿಳಿಯೂ ಅಲ್ಲ, ಸ್ವಲ್ಪ ಹಸಿರು ಬೆರೆತ ಕೆನೆ ಬಣ್ಣ. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅರಳಲು ಶುರು. ರಾತ್ರಿಯಾದ ಹಾಗೆ ಪರಿಮಳ ಜೋರಾಗುತ್ತದೆ. ಬೆಳಗಾದರೆ ಬಾಡಿರುತ್ತದೆ. ಮರುದಿನ ಸಂಜೆ ಬೇರೆ ಮೊಗ್ಗುಗಳ ಸರದಿ. ಹೀಗೆ ಒಂದು ದಂಟು ಎರಡು ವಾರದ ತನಕ ನಡೆಯುತ್ತದೆ. ರಾತ್ರಿ ಹಾರುವ ಪತಂಗಗಳಿಗೆ ಅಂತ ಅರಳುವ ಹೂ ಇದು. ಅದಕ್ಕೇ ಹಗಲು ನೋಡಿದವರಿಗೆ ಇದರಲ್ಲೇನಿದೆ ಅನ್ನಿಸಬಹುದು. ರಾತ್ರಿ ಎಂಟು ಗಂಟೆಗೆ ಬಂದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೊಗ್ಗಿನ ಬುಡದಲ್ಲಿ ಜೇನಿನಂಥ ಹನಿ ಇರುತ್ತದೆ. ಬೆರಳಿಗೆ ಅಂಟುತ್ತದೆ. ಅದಕ್ಕೆ ಇರುವೆ ಬರುತ್ತವೆ. ಇದನ್ನು ನೋಡಿ ಗಿಡಕ್ಕೆ ರೋಗ ಬಂತು ಅಂತ ದಂಟು ಕಡಿದು ಬಿಸಾಡಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಗಿಡದ್ದೇ ಮಕರಂದ.

ಇನ್ನೊಂದು ವಿಷಯ ತಿಳಿದಾಗ ನನಗೆ ಖುಷಿಯಾಯಿತು. ಸುಗಂಧರಾಜ, ಶತಾವರಿ, ಸ್ನೇಕ್ ಪ್ಲಾಂಟ್ ಮೂರೂ ಒಂದೇ ಕುಟುಂಬದ ಗಿಡಗಳು. ಆ ರಾತ್ರಿ ನನ್ನ ಮೂಗು ಪೂರ್ತಿ ತಪ್ಪಲಿಲ್ಲ ಅಲ್ವಾ!

ಯಾವ ಗಿಡ ತರುವುದು?

ಮೊದಲು ಹೆಸರಿನ ವಿಷಯ. ಹಳೆ ಪುಸ್ತಕಗಳಲ್ಲಿ ಇದು ಸಾನ್ಸೆವೀರಿಯ. ಈಗ ಡ್ರಸೀನ ಗುಂಪಿಗೆ ಸೇರಿಸಿದ್ದಾರೆ. ಸಾದಾ ಗಿಡಕ್ಕೆ ಡ್ರಸೀನ ಟ್ರೈಫಾಸಿಯಾಟ ಎಂಬ ಹೆಸರು ಬಂದದ್ದು 2017ರಲ್ಲಿ. ನರ್ಸರಿ ಚೀಟಿಯಲ್ಲಿ ಎರಡರಲ್ಲಿ ಯಾವುದಿದ್ದರೂ ಗಿಡ ಒಂದೇ. ನಮ್ಮ ಜಿಲ್ಲೆಯ ನರ್ಸರಿಗಳಲ್ಲಿ ಮಲಯಾಳದವರು ಸರ್ಪಪ್ಪೋಳ ಅನ್ನುವುದೂ ಇದಕ್ಕೇ. ಅತ್ತೆಯ ನಾಲಿಗೆ ಅಂತಲೂ ಕರೆಯುವವರಿದ್ದಾರೆ. ನನಗೆ ಆ ಹೆಸರು ಹಿಡಿಸುವುದಿಲ್ಲ. ಗಿಡದ ಮರಿ ಕೊಡುವವರೇ ಹೆಚ್ಚಾಗಿ ಅತ್ತೆಯಂದಿರು.

ಈಗ ಸಾದಾ ಹಸಿರು ಗಿಡ. ಕಡು ಹಸಿರು ಎಲೆ, ಅದರ ಮೇಲೆ ಅಡ್ಡಡ್ಡ ನಸು ಬೂದು ಪಟ್ಟೆ, ಹಾವಿನ ಮೈಯ ಹಾಗೆ. ಮೂಲ ಊರು ಪಶ್ಚಿಮ ಆಫ್ರಿಕ. ನಮ್ಮಲ್ಲಿ ಮೂರಡಿ ತನಕ ಆರಾಮವಾಗಿ ಬೆಳೆಯುತ್ತದೆ. ಇದರ ದೊಡ್ಡ ಗುಣ ಅಂದರೆ ತಾಳ್ಮೆ. ಒಂದು ಮಳೆಗಾಲ ನೀರು ಜಾಸ್ತಿಯಾದರೂ, ಒಂದು ಬೇಸಿಗೆ ನೀರೇ ಸಿಗದಿದ್ದರೂ ಬದುಕುತ್ತದೆ. ಹೀಗೆ ಬದುಕಿ ಬದುಕಿ ಹಳೆಯದಾಗುತ್ತದೆ. ಹಳೆಯದಾದ ಗಿಡವೇ ಹೂ ಬಿಡುವುದು. ನಾಜೂಕಿನ ಜಾತಿಗಳು ಎಷ್ಟೇ ಚಂದ ಇದ್ದರೂ ಐದಾರು ವರ್ಷ ಬಾಳದಿದ್ದರೆ ಹೂವಿನ ಮಾತೇ ಇಲ್ಲ. ನಾನು ಸಾದಾ ಗಿಡಕ್ಕೆ ಮೊದಲ ಮಣೆ ಹಾಕುವುದು ಈ ಒಂದೇ ಕಾರಣಕ್ಕೆ.

ಎಲೆಯ ಅಂಚು ಹಳದಿ ಇರುವುದು ಲಾರೆಂಟಿ. ಎಲ್ಲರೂ ಇಷ್ಟಪಡುವ ಗಿಡ ಇದು. ಸಾದಾ ಗಿಡಕ್ಕಿಂತ ಬೆಳವಣಿಗೆ ಸ್ವಲ್ಪ ನಿಧಾನ. ಎಲೆಯ ಹಳದಿ ಭಾಗದಲ್ಲಿ ಹಸಿರು ಇಲ್ಲ, ಅಷ್ಟರಮಟ್ಟಿಗೆ ಗಿಡಕ್ಕೆ ಆಹಾರ ತಯಾರಿ ಕಡಿಮೆ. ಹೂ ಅದೇ, ಪರಿಮಳವೂ ಅದೇ. ಹೂ ಇಲ್ಲದ ದಿನಗಳಲ್ಲೂ ಕಣ್ಣಿಗೆ ಬಣ್ಣ ಬೇಕು ಅನ್ನುವವರು ಇದನ್ನು ತಂದರೆ ನಷ್ಟವಿಲ್ಲ. ಬೆಳಕು ಮಾತ್ರ ಸಾದಾ ಗಿಡಕ್ಕಿಂತ ಜಾಸ್ತಿ ಬೇಕು. ಇದನ್ನು ಕೊಳ್ಳುವಾಗ ಬುಡದಲ್ಲಿ ಮರಿ ಇರುವ ಚಟ್ಟಿಯನ್ನೇ ಆರಿಸಿ. ಇದರ ಎಲೆ ಕತ್ತರಿಸಿ ನೆಟ್ಟರೆ ಹಳದಿ ಅಂಚು ಬರುವುದಿಲ್ಲ. ಬರುವ ಮರಿಗಳೆಲ್ಲ ಸಾದಾ ಹಸಿರು. ನನಗೆ ಒಂದು ಕಡೆ ಲಾರೆಂಟಿಯದ್ದೇ ಮರಿ ಅಂತ ಬರೀ ಹಸಿರು ಗಿಡ ಕೊಟ್ಟಿದ್ದರು. ದೊಡ್ಡದಾದ ಮೇಲೆ ಅಂಚು ಬರುತ್ತದೆ ಅಂದಿದ್ದರು. ಎರಡು ವರ್ಷ ಕಾದೆ. ಬರಲಿಲ್ಲ, ಬರುವುದೂ ಇಲ್ಲ. ಹಳದಿ ಅಂಚು ಇರಬೇಕಾದರೆ ಬುಡದಿಂದ ಹೊಡೆದ ಮರಿಯಲ್ಲೇ ಇರಬೇಕು.

ಗಿಡ್ಡ ಜಾತಿಯೂ ಇದೆ. ಹಾನಿ (Hahnii) ಅಂತ ಹೆಸರು. ಅರ್ಧ ಅಡಿಗಿಂತ ಸ್ವಲ್ಪ ಎತ್ತರ, ಎಲೆಗಳು ಹಕ್ಕಿಗೂಡಿನ ಹಾಗೆ ಸುತ್ತಿಕೊಂಡಿರುತ್ತವೆ. ಅಮೆರಿಕದ ನ್ಯೂ ಓರ್ಲಿಯನ್ಸ್ ಊರಿನ ಒಂದು ನರ್ಸರಿಯಲ್ಲಿ 1939ರಲ್ಲಿ ತಾನಾಗಿ ಹುಟ್ಟಿದ ಗಿಡ್ಡ ಗಿಡದಿಂದ ಬಂದ ತಳಿ ಇದು. ಮೇಜಿನ ಮೇಲೆ ಇಡಲು ಇದಕ್ಕಿಂತ ಮುದ್ದಾದ್ದು ಇಲ್ಲ. ಆದರೆ ಹೂ ಬೇಕೆನ್ನುವವರು ಇದನ್ನು ನಂಬಿ ಕೂರಬೇಡಿ. ಹೂ ಬಿಡುವುದು ತೀರ ಅಪರೂಪ. ನಮ್ಮ ಊರಿಗೆ ಇದರದ್ದು ಇನ್ನೊಂದು ತೊಂದರೆ ಇದೆ. ಆ ಗೂಡಿನ ನಡುವೆ ಮಳೆನೀರು ನಿಲ್ಲುತ್ತದೆ. ನಿಂತ ನೀರಿಗೆ ಬುಡ ಕೊಳೆಯುತ್ತದೆ. ಜೂನ್ ತಿಂಗಳಲ್ಲಿ ಇದನ್ನು ಅಂಗಳದಲ್ಲಿ ಬಿಟ್ಟರೆ ಆಗಸ್ಟ್‌ನಲ್ಲಿ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಕೈಗೆ ಬರೀ ಗಂಜಿ ಸಿಗುತ್ತದೆ. ಮೂನ್‌ಶೈನ್ ಅಂತ ಬೆಳ್ಳಿ ಬಣ್ಣದ್ದು ಬರುತ್ತದಲ್ಲ, ಅದೂ ಮಳೆಗಾಲದಲ್ಲಿ ಒಳಗೇ ಇರಬೇಕಾದ್ದು. ಬೆಳಕು ಕಡಿಮೆಯಾದರೆ ಆ ಬೆಳ್ಳಿ ಬಣ್ಣ ಮಸುಕಾಗಿ ಹಸಿರಾಗುತ್ತದೆ. ಒಂದು ತಂದಿದ್ದೆ. ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ. ತಪ್ಪು ನನ್ನದೇ, ಎರಚಲು ಬೀಳುವ ಜಾಗದಲ್ಲಿ ಇಟ್ಟಿದ್ದೆ.

ಸಾದಾ ಗಿಡಕ್ಕೆ ಸರಿಸಮ ನಿಲ್ಲುವುದು ಕೋಲಿನ ಹಾಗೆ ಉರುಟಾದ ಎಲೆಯ ಸಿಲಿಂಡ್ರಿಕ. ಇದು ಅಂಗೋಲ ಕಡೆಯ ಗಿಡ. ಎಲೆ ಗಟ್ಟಿ, ತುದಿ ಚೂಪು. ಬಿಸಿಲು ಚೆನ್ನಾಗಿ ತಡೆಯುತ್ತದೆ. ಹೂದಂಟು ಇನ್ನೂ ಎತ್ತರ. ಮೊಗ್ಗಿನಲ್ಲಿ ನಸು ಗುಲಾಬಿ ಛಾಯೆ ಇರುತ್ತದೆ. ಟೆರೇಸ್ ಮೇಲೆ ಬಿಸಿಲು ಕಾಯುವ ಜಾಗ ಮಾತ್ರ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದು ಎಚ್ಚರಿಕೆ. ಅಂಗಡಿಯಲ್ಲಿ ಇದರ ಎಲೆಗಳನ್ನು ಜಡೆ ಹಾಕಿ ಕಟ್ಟಿ ಮಾರುತ್ತಾರೆ. ನೋಡಲು ಬಹಳ ಚಂದ. ಆದರೆ ಅವು ಹೆಚ್ಚಾಗಿ ಒಂದೊಂದೇ ಎಲೆಯನ್ನು ಕತ್ತರಿಸಿ ಬೇರು ಬರಿಸಿ ಸೇರಿಸಿ ಕಟ್ಟಿದವು. ಆ ಎಲೆಯಿಂದಲೇ ಹೂ ಬರುವುದಿಲ್ಲ. ಬುಡದಲ್ಲಿ ಮರಿ ಹುಟ್ಟಿ, ಮರಿ ಬಲಿತು, ಆಮೇಲೆ ಹೂ. ಅದರ ಬದಲು ಬೀಸಣಿಗೆಯ ಹಾಗೆ ಹರಡಿದ, ನಾಲ್ಕೈದು ಎಲೆ ಒಂದೇ ಬುಡದಿಂದ ಬಂದ ಗಿಡ ತಂದರೆ ಎಷ್ಟೋ ವರ್ಷ ಉಳಿಯುತ್ತದೆ.

ನಮ್ಮ ದೇಶದ್ದೇ ಒಂದು ಜಾತಿ ಇದೆ, ಅದನ್ನು ಮರೆಯಬಾರದು. ರಾಕ್ಸ್‌ಬರ್ಗಿಯಾನ. ಕನ್ನಡದಲ್ಲಿ ಮಂಜಿನಾರು, ತಮಿಳಿನಲ್ಲಿ ಮರುಳ್. ಎಲೆ ಸಪೂರ, ದಪ್ಪ, ನಡುವೆ ತೋಡಿನ ಹಾಗೆ ತಗ್ಗು. ಪೂರ್ವ ಕರಾವಳಿಯ ಒಣ ಸೀಮೆಯಲ್ಲಿ ತಾನಾಗಿ ಬೆಳೆಯುತ್ತದೆ. ಎಲೆಯ ನಾರು ಬಹಳ ಗಟ್ಟಿ. ಹಿಂದೆ ಬಿಲ್ಲಿನ ಹೆದೆಗೆ ಇದನ್ನು ಬಳಸುತ್ತಿದ್ದರು. ಇಂಗ್ಲಿಷಿನವರು ಹೆದೆಯ ನಾರು ಅನ್ನುವ ಅರ್ಥದ ಹೆಸರನ್ನೇ ಇಟ್ಟರು. ಹೂವನ್ನು ಇದು ಚೆನ್ನಾಗಿ ಬಿಡುತ್ತದೆ. ಆದರೆ ಒಣ ಸೀಮೆಯದ್ದಾದ್ದರಿಂದ ನಮ್ಮ ಮಳೆಗೆ ಮಾಡಿನ ಆಸರೆ ಬೇಕೇ ಬೇಕು. ನರ್ಸರಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಯಾರ ಮನೆಯಲ್ಲಾದರೂ ಕಂಡರೆ ಬಿಡಬೇಡಿ, ಒಂದು ಮರಿ ಕೇಳಿ.

ಎಲ್ಲಿ ಇಡುವುದು?

ಗಿಡ ಆರಿಸುವುದಕ್ಕಿಂತ ಜಾಗ ಆರಿಸುವುದು ಕಷ್ಟ. ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಬರುವ ಸಲಹೆಗಳು ಬೇರೆ ಹವೆಯವರಿಗೆ ಹೇಳಿದವು. ವಾರಕ್ಕೊಮ್ಮೆ ನೀರು ಅಂತ ಹೇಳುತ್ತಾರೆ. ಇಲ್ಲಿ ಜುಲೈ ತಿಂಗಳಲ್ಲಿ ಒಣಗಲು ಹಾಕಿದ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ. ಚಟ್ಟಿಯ ಮಣ್ಣು ಒಣಗುತ್ತದಾ?

ಮನೆಯ ಒಳಗೆ, ಕಿಟಕಿಯಿಂದ ದೂರ ಇಟ್ಟರೆ ಗಿಡ ಸಾಯುವುದಿಲ್ಲ. ಹೂವನ್ನೂ ಬಿಡುವುದಿಲ್ಲ. ಕಡಿಮೆ ಬೆಳಕಿನಲ್ಲೂ ಬದುಕುತ್ತದೆ ಅನ್ನುವ ಮಾತು ನಿಜ. ಬದುಕುವುದಕ್ಕೂ ಹೂ ಬಿಡುವುದಕ್ಕೂ ಮಾತ್ರ ಬಹಳ ವ್ಯತ್ಯಾಸ ಇದೆ. ಹೂ ಬಿಡಲು ಶಕ್ತಿ ಕೂಡಿಟ್ಟಿರಬೇಕು. ಆ ಶಕ್ತಿ ಬರುವುದು ಬೆಳಕಿನಿಂದ.

ತೆರೆದ ಟೆರೇಸಿನಲ್ಲಿ ಬೆಳಕಿಗೆ ಕೊರತೆ ಇಲ್ಲ. ಬೇಸಿಗೆಯಲ್ಲಿ ಸಿಲಿಂಡ್ರಿಕಕ್ಕೆ ಅದು ಹಿತವೇ. ಅಗಲ ಎಲೆಯ ಗಿಡಗಳಿಗೆ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು ಜಾಸ್ತಿಯಾಗುತ್ತದೆ. ಎಲೆ ಮಾಸಲು ಹಳದಿಯಾಗಿ, ಸುಟ್ಟ ಕಲೆ ಬೀಳುತ್ತದೆ. ಅದರಲ್ಲೂ ಒಳಗಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ಇಟ್ಟರೆ ಖಂಡಿತ ಸುಡುತ್ತದೆ. ಎರಡು ವಾರ ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಸರಿಸಬೇಕು. ಮೇ ಕೊನೆಯ ಪತ್ತನಾಜೆ ಬಂತು ಅಂದರೆ ಟೆರೇಸಿನ ಚಟ್ಟಿಗಳೆಲ್ಲ ಕೆಳಗಿಳಿದು ಮಾಡಿನ ಅಡಿಗೆ ಬರಲೇಬೇಕು. ಆ ಕೆಲಸ ಪ್ರತಿ ವರ್ಷ ಮಾಡಲು ಆಗುತ್ತದಾ ಅಂತ ಯೋಚಿಸಿ. ವಯಸ್ಸಾದವರು ಮಾತ್ರ ಇರುವ ಮನೆಗಳಲ್ಲಿ ಸಿಮೆಂಟಿನ ಚಟ್ಟಿ ಹೊತ್ತು ಇಳಿಸುವವರು ಯಾರು?

ನೆಲದಲ್ಲಿ ನೆಡುವುದಾದರೆ ಮುರಕಲ್ಲಿನ ಇಳಿಜಾರು ಒಳ್ಳೆಯದು. ನೀರು ಓಡಿಹೋಗುತ್ತದೆ. ಅಡಿಕೆ ತೋಟದ ಒಳಗೆ ಬೇಡ. ಅಲ್ಲಿ ನೆರಳು ಜಾಸ್ತಿ, ನೀರು ಇನ್ನೂ ಜಾಸ್ತಿ. ನೆಲಕ್ಕೆ ಬಿದ್ದ ಈ ಗಿಡ ಸುಮ್ನೆ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಅಡಿಯಲ್ಲೇ ಗೆಡ್ಡೆಯಂಥ ಕಾಂಡ ಹಬ್ಬಿಸಿ ಹತ್ತು ವರ್ಷದಲ್ಲಿ ದೊಡ್ಡ ಹಿಂಡಲು ಮಾಡುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಇದರದ್ದೇ ಬಳಗದ ಗಿಡ ಹೀಗೇ ತೋಟ ದಾಟಿ ಕಾಡಿಗೆ ಹೋಗಿ ಕಳೆಯಾಗಿದೆ. ಆದ್ದರಿಂದ ಹೆಚ್ಚಾದ ಮರಿಗಳನ್ನು ಗುಡ್ಡೆಗೋ, ಬನದ ಬದಿಗೋ, ತೋಡಿನ ಕರೆಗೋ ಎಸೆಯಬೇಡಿ. ನಮ್ಮ ಬನಗಳಲ್ಲಿ ಇರುವುದೇ ಸ್ವಲ್ಪ ಜಾಗ. ಅದು ನಮ್ಮ ಊರಿನ ಗಿಡಗಳಿಗೇ ಇರಲಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಮೂಡು ದಿಕ್ಕಿನ ಜಗಲಿ. ಬೆಳಗ್ಗೆ ಎರಡು ಮೂರು ಗಂಟೆ ಎಳೆ ಬಿಸಿಲು ಬೀಳುತ್ತದೆ. ಮಧ್ಯಾಹ್ನ ಮಾಡಿನ ನೆರಳು. ಮಳೆ ಮೇಲಿಂದ ಬೀಳುವುದಿಲ್ಲ. ಪಡು ದಿಕ್ಕಿನ ಜಗಲಿಗೆ ಸಮುದ್ರದ ಕಡೆಯಿಂದ ಬರುವ ಗಾಳಿಮಳೆಯ ಎರಚಲು ನೇರ ಹೊಡೆಯುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಮೂಡು ದಿಕ್ಕು ಸ್ವಲ್ಪ ಸುರಕ್ಷಿತ. ದೊಡ್ಡಮ್ಮನ ಗಿಡ ಇದ್ದದ್ದೂ ಮೂಡು ಜಗಲಿಯ ಮೆಟ್ಟಿಲಲ್ಲೇ. ಆಮೇಲೆ ಇನ್ನೊಂದು ಲಾಭ ಇದೆ. ಜಗಲಿಯಲ್ಲಿ ಹೂ ಬಿಟ್ಟರೆ ಸಂಜೆ ಕೂತವರಿಗೆ ಪರಿಮಳ ಸಿಗುತ್ತದೆ. ಟೆರೇಸಿನಲ್ಲಿ ಬಿಟ್ಟ ಹೂವಿನ ಪರಿಮಳ ಯಾರಿಗೆ?

ಚಟ್ಟಿ, ಮಣ್ಣು, ನೀರು

ಮಣ್ಣಿನ ಚಟ್ಟಿಯಾ, ಪ್ಲಾಸ್ಟಿಕ್ಕಾ ಅಂತ ಕೇಳಿದರೆ ಮಣ್ಣಿನದ್ದೇ. ಅದರ ಮೈಯಿಂದ ಪಸೆ ಆರುತ್ತದೆ. ಎತ್ತರದ ಗಿಡ ವಾಲಿ ಬೀಳದ ಹಾಗೆ ಭಾರವೂ ಇರುತ್ತದೆ. ಬೇರು ತುಂಬಿದಾಗ ಮಣ್ಣಿನ ಚಟ್ಟಿ ಒಡೆಯುವುದುಂಟು. ಪ್ಲಾಸ್ಟಿಕ್ ಆದರೆ ಹೊಟ್ಟೆ ಉಬ್ಬಿ ಓರೆಯಾಗುತ್ತದೆ. ಹೂ ಬೇಕೆನ್ನುವವರು ದೊಡ್ಡ ಚಟ್ಟಿಗೆ ಆಸೆಪಡಬೇಡಿ. ಎಂಟು ಇಂಚಿನದ್ದು ಸಾಕು. ಬೇರಿಗೆ ಜಾಗ ಇಕ್ಕಟ್ಟಾದಾಗಲೇ ಈ ಗಿಡ ಹೂವಿಗೆ ಮನಸ್ಸು ಮಾಡುವುದು. ದೊಡ್ಡ ಚಟ್ಟಿಯಲ್ಲಿ ಬರೀ ಬೇರು, ಮರಿ ಹಬ್ಬಿಸುತ್ತಾ ಹೋಗುತ್ತದೆ. ಪ್ರತಿ ವರ್ಷ ಚಟ್ಟಿ ಬದಲಾಯಿಸುವ ಪ್ರೀತಿ ಬೇರೆ ಗಿಡಗಳಿಗೆ ಸರಿ. ಇದಕ್ಕೆ ಐದಾರು ವರ್ಷ ಕೈ ಹಾಕದೆ ಇರುವುದೇ ಆರೈಕೆ.

ಮಣ್ಣಿನಲ್ಲಿ ನಮ್ಮವರೆಲ್ಲ ಒಂದು ತಪ್ಪು ಮಾಡುತ್ತೇವೆ. ತೆಂಗಿನ ಸಂಶೋಧನೆಗೆ 1916ರಲ್ಲೇ ಕೇಂದ್ರ ತೆರೆದ ಊರು ನಮ್ಮದು. ನಾರಿನ ಹುಡಿಗೆ ಬರವಿಲ್ಲ. ಹಾಗಾಗಿ ಎಲ್ಲಕ್ಕೂ ಅದನ್ನೇ ತುಂಬಿಸುತ್ತೇವೆ. ನಾರಿನ ಹುಡಿ ನೀರು ಹಿಡಿದಿಡುತ್ತದೆ. ತರಕಾರಿ ಸಸಿಗೆ ಅದೇ ಬೇಕು. ಸ್ನೇಕ್ ಪ್ಲಾಂಟಿಗೆ ನಮ್ಮ ಮಳೆಗಾಲದಲ್ಲಿ ಅದೇ ಕುತ್ತು. ನರ್ಸರಿಯಿಂದ ತಂದ ಗಿಡ ಹೆಚ್ಚಾಗಿ ಬರೀ ನಾರಿನ ಹುಡಿಯಲ್ಲೇ ಇರುತ್ತದೆ. ಮನೆಗೆ ತಂದ ವಾರದಲ್ಲೇ ಅದನ್ನು ಉದುರಿಸಿ ಬೇರೆ ಮಣ್ಣಿಗೆ ಹಾಕಿ. ನಾನು ಮಾಡುವುದು ಹೀಗೆ: ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಳೆ ಹೊಯಿಗೆ, ಒಂದು ಪಾಲು ಮುರಕಲ್ಲಿನ ಸಣ್ಣ ಚೂರು, ಅರ್ಧ ಪಾಲು ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ. ಅಡಿಗೆ ಗೆರಟೆ ಚೂರು, ಅದರ ಜೊತೆ ಒಂದು ಮುಷ್ಟಿ ಗೆರಟೆ ಇದ್ದಿಲು. ಕಡಲ ಹೊಯಿಗೆ ಬೇಡ, ಉಪ್ಪು ಇರುತ್ತದೆ.

ನೀರಿಗೆ ಲೆಕ್ಕ ಸುಲಭ. ಬೆರಳು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ಪೂರ್ತಿ ಒಣಗಿದ್ದರೆ ಮಾತ್ರ ಹಾಕಿ. ಬೇಸಿಗೆಯಲ್ಲಿ ಜಗಲಿಯ ಚಟ್ಟಿಗೆ ಹತ್ತು ದಿನಕ್ಕೊಮ್ಮೆ ಬೇಕಾದೀತು. ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ. ಮಳೆಗಾಲ ಪೂರ್ತಿ ನಾನು ನೀರೇ ಹಾಕುವುದಿಲ್ಲ, ಗಾಳಿಯ ಪಸೆಯೇ ಸಾಕಾಗುತ್ತದೆ. ಎಲೆಯ ಬುಡ ಮೆತ್ತಗಾಗಿ ವಾಸನೆ ಬಂದರೆ ಕೊಳೆತ ಶುರುವಾಗಿದೆ ಅಂತ ಅರ್ಥ. ಆಗ ತಡ ಮಾಡಬೇಡಿ. ಕಿತ್ತು, ಮೆತ್ತಗಿನ ಭಾಗವನ್ನೆಲ್ಲ ಚೂರಿಯಿಂದ ತೆಗೆದು, ಉಳಿದದ್ದನ್ನು ಮೂರು ದಿನ ಒಣ ನೆರಳಿನಲ್ಲಿ ಇಟ್ಟು ಮತ್ತೆ ನೆಡಿ. ಅರ್ಧಕ್ಕರ್ಧ ಉಳಿಯುತ್ತದೆ.

ಕೀಟ ಕಡಿಮೆ. ಎಲೆ ಬುಡದಲ್ಲಿ ಹತ್ತಿಯ ಹಾಗೆ ಬಿಳಿ ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಗೆ ಸ್ವಲ್ಪ ಸಾಬೂನು ನೀರು ಮಾಡಿ ಉಜ್ಜಿದರೆ ಹೋಗುತ್ತದೆ. ಬೇವಿನ ಎಣ್ಣೆಯೂ ಆಗುತ್ತದೆ. ಮಳೆಗಾಲದಲ್ಲಿ ಬಸವನಹುಳ ಎಳೆ ಮರಿಯನ್ನು ಕೆರೆದು ತಿನ್ನುತ್ತದೆ, ರಾತ್ರಿ ಟಾರ್ಚ್ ಹಿಡಿದು ಹೆಕ್ಕಬೇಕು. ಇದಕ್ಕೆಲ್ಲ ಅಂಗಡಿಯ ವಿಷ ತರಬೇಡಿ. ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಎಣ್ಮಕಜೆಯ ಮನೆಗಳಿಗೆ ಏನು ಮಾಡಿತು ಅಂತ ಕಣ್ಣಾರೆ ಕಂಡ ಊರಿನವರು ನಾವು. ಒಂದು ಹೂಚಟ್ಟಿಗೋಸ್ಕರ ವಿಷದ ಬಾಟಲಿ ಮನೆಯೊಳಗೆ ಯಾಕೆ?

ಮರಿಯಾ, ಎಲೆಯಾ?

ಎಲೆ ಕತ್ತರಿಸಿ ನೆಟ್ಟರೂ ಗಿಡ ಆಗುತ್ತದೆ. ಮೂರು ಇಂಚಿನ ತುಂಡು, ಕೆಳಗಿನ ತುದಿ ಕೆಳಗೇ ಇರಬೇಕು, ತಲೆಕೆಳಗಾದರೆ ಬೇರು ಬರುವುದಿಲ್ಲ. ಬೇರು ಬರಲು ಒಂದೆರಡು ತಿಂಗಳು, ಮರಿ ಕಾಣಲು ಇನ್ನೂ ಕೆಲವು ತಿಂಗಳು. ಮಕ್ಕಳಿಗೆ ತೋರಿಸಲು ಒಳ್ಳೆಯದು. ಹೂವಿನ ದಾರಿಯಲ್ಲಿ ಮಾತ್ರ ಇದು ಬಹಳ ದೂರದ ಸುತ್ತು. ಬೇರು ಸಮೇತ ಬೇರ್ಪಡಿಸಿದ ಮರಿ ಎರಡು ಮೂರು ವರ್ಷ ಮುಂದೆ ಇರುತ್ತದೆ. ಸಾಧ್ಯವಾದರೆ ಒಂದೇ ಮರಿ ತರಬೇಡಿ. ಮೂರು ನಾಲ್ಕು ಬುಡ ಕೂಡಿದ ಗುಂಪು ತನ್ನಿ, ಚಟ್ಟಿ ಬೇಗ ತುಂಬುತ್ತದೆ. ನೆಡುವುದು ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯಿಂದ. ಕತ್ತರಿಸಿದ ಗಾಯ ಎರಡು ದಿನ ಒಣಗಲಿ.

ತರುವಾಗ ಎರಡು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹಾವು ಬರುತ್ತದಾ ಅಂತ ಒಂದು. ಪಟ್ಟೆ ನೋಡಿ ಇಟ್ಟ ಹೆಸರು ಅಷ್ಟೇ. ಹಾವನ್ನು ಕರೆಯುವುದೂ ಇಲ್ಲ, ಓಡಿಸುವುದೂ ಇಲ್ಲ. ಇನ್ನೊಂದು, ಗಾಳಿ ಶುದ್ಧ ಮಾಡುತ್ತದಂತೆ ಹೌದಾ ಅಂತ. 1989ರಲ್ಲಿ ನಾಸಾ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡ ಇಟ್ಟು ಮಾಡಿದ ಪ್ರಯೋಗದಿಂದ ಬಂದ ಮಾತು ಅದು. ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಹಳೆಯ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ 2019ರಲ್ಲಿ ವಿಜ್ಞಾನಿಗಳು ಹೇಳಿದ್ದು, ಕಿಟಕಿಯ ಗಾಳಿ ಮಾಡುವಷ್ಟು ಕೆಲಸವನ್ನು ಗಿಡ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಕಡಿಮೆ ಅಂದರೂ ಹತ್ತು ಗಿಡ ಬೇಕು ಅಂತ. ರಾತ್ರಿ ಇದರ ಎಲೆಯ ರಂಧ್ರ ತೆರೆಯುವುದು ನಿಜ. ಒಣ ಸೀಮೆಯಲ್ಲಿ ನೀರು ಉಳಿಸಲು ಅದು ಕಲಿತ ಉಪಾಯ. ಮಲಗುವ ಕೋಣೆಗೆ ಆಮ್ಲಜನಕ ತುಂಬಿಸಲು ಅಲ್ಲ. ಗಾಳಿಗಾಗಿ ಕಿಟಕಿ ತೆರೆಯಿರಿ, ಗಿಡವನ್ನು ಹೂವಿಗಾಗಿ ತನ್ನಿ.

ಮನೆಯಲ್ಲಿ ನಾಯಿ, ಬೆಕ್ಕು, ಎಲ್ಲವನ್ನೂ ಜಗಿದು ನೋಡುವ ಕರು ಇದ್ದರೆ ಕೈಗೆಟುಕದ ಜಾಗದಲ್ಲಿಡಿ. ಎಲೆಯಲ್ಲಿ ಸಪೋನಿನ್ ಅನ್ನುವ ವಿಷಾಂಶ ಇದೆ. ನಾಯಿ, ಬೆಕ್ಕು ತಿಂದರೆ ವಾಂತಿ, ಭೇದಿ ಆಗುತ್ತದೆ. ತೆವಳುವ ಮಕ್ಕಳಿರುವ ಮನೆಗೂ ಇದೇ ಮಾತು.

ದಂಟು ಬಂದ ಮೇಲೆ

ಮೊದಲು ಅದು ಹೊಸ ಎಲೆಯ ಹಾಗೇ ಕಾಣುತ್ತದೆ. ತುದಿಯಲ್ಲಿ ಪುಟ್ಟ ಪುಟ್ಟ ಗಂಟು ಕಂಡರೆ ದಂಟು ಅಂತ ಖಾತ್ರಿ. ಆಗ ಚಟ್ಟಿಯ ದಿಕ್ಕು ತಿರುಗಿಸಬೇಡಿ, ಜಾಗ ಬದಲಾಯಿಸಬೇಡಿ. ನೀರು ಎಂದಿಗಿಂತ ಸ್ವಲ್ಪ ಬೇಗ ಬೇಗ ಹಾಕಬಹುದು. ದಂಟು ವಾಲಿದರೆ ಸಪೂರ ಬಿದಿರಿನ ಕಡ್ಡಿ ಕಟ್ಟಿ. ಹೂವನ್ನು ಕತ್ತರಿಸಿ ಹೂದಾನಿಗೆ ಹಾಕುವುದಕ್ಕಿಂತ ಗಿಡದಲ್ಲೇ ಬಿಡುವುದು ಒಳ್ಳೆಯದು, ಮೊಗ್ಗೆಲ್ಲ ಅರಳುತ್ತದೆ. ಕಾಯಿ ಕಟ್ಟುವುದು ಅಪರೂಪ. ಕಟ್ಟಿದರೆ ಹಸಿರು ಮಣಿ, ಹಣ್ಣಾದಾಗ ಕಿತ್ತಳೆ ಬಣ್ಣ.

ಹೂ ಬಿಟ್ಟ ಬುಡದಲ್ಲಿ ಮತ್ತೆ ಹೊಸ ಎಲೆ ಬರುವುದಿಲ್ಲ, ಹೂವೂ ಬರುವುದಿಲ್ಲ. ನಮ್ಮ ಬಾಳೆಯ ಹಾಗೆ. ಗೊನೆ ಹಾಕಿದ ಬಾಳೆಯನ್ನು ಕಡಿಯುತ್ತೇವೆ, ಕಂದು ಮುಂದೆ ಬರುತ್ತದೆ. ಆದರೆ ಇದನ್ನು ಕಡಿಯಬೇಕಾಗಿಲ್ಲ. ಹಳೆ ಎಲೆಗಳು ವರ್ಷಗಟ್ಟಲೆ ಹಸಿರಾಗಿಯೇ ಇದ್ದು ಮರಿಗಳನ್ನು ಸಾಕುತ್ತವೆ. ಒಣಗಿದ ದಂಟನ್ನು ಮಾತ್ರ ಬುಡದ ಹತ್ತಿರ ಕತ್ತರಿಸಿ. ಹೂ ಬಿಟ್ಟಿತು, ಇನ್ನು ಗಿಡ ಸಾಯುತ್ತದೆ ಅಂತ ಹೆದರಿಸುವವರ ಮಾತು ಕೇಳಿ ದಂಟನ್ನು ಎಳೆಯದರಲ್ಲೇ ಮುರಿಯಬೇಡಿ. ಮುರಿದರೂ ಆ ಬುಡದ ಬೆಳವಣಿಗೆ ಅಲ್ಲಿಗೆ ನಿಂತಂತೆಯೇ. ಹೂವೂ ಇಲ್ಲ, ಲಾಭವೂ ಇಲ್ಲ.

ಆ ರಾತ್ರಿಯ ಮರುದಿನ ಬೆಳಗ್ಗೆ ದೊಡ್ಡಮ್ಮ ನನಗೆ ಮೂರು ಬುಡ ಕೂಡಿದ ಒಂದು ಗುಂಪು ಕಿತ್ತು, ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರು. "ಇದಕ್ಕೆ ಏನೂ ಮಾಡಬೇಡ, ಮೆಟ್ಟಿಲ ಹತ್ತಿರ ಇಡು" ಅಂದರು. ಎಂಟು ಇಂಚಿನ ಮಣ್ಣಿನ ಚಟ್ಟಿಗೆ ಹಾಕಿದೆ. ಆರನೆಯ ವರ್ಷ ಜನವರಿ ಕೊನೆಗೆ ದಂಟು ಕಂಡಿತು. ಮೊದಲ ಹೂ ಅರಳಿದ ಸಂಜೆ ಫೋನ್ ಮಾಡಿದೆ. ಮರುದಿನ ಕೊನೆಯ ಬಸ್ಸಿಗೆ ದೊಡ್ಡಮ್ಮ ಬಂದಿಳಿದರು.